ಕಾಂಟ್ರಾಕ್ಟ್ ಲಾ ಓದುವವರು ಮೊದಲು ಮೂಲ ಕಾಯ್ದೆ ತೆರೆಯಿರಿ

ಎಲ್‌ಎಲ್‌ಬಿ ಮೊದಲ ವರ್ಷದವರಿಗೆ ಒಂದು ಮಾತು. ಗೈಡು, ಝೆರಾಕ್ಸ್ ನೋಟ್ಸು ಸ್ವಲ್ಪ ಪಕ್ಕಕ್ಕಿಡಿ. 1872ರ ಭಾರತೀಯ ಕರಾರು ಕಾಯ್ದೆಯನ್ನು ಇಂಡಿಯಾ ಕೋಡ್ ವೆಬ್‌ಸೈಟಿನಿಂದ ಡೌನ್‌ಲೋಡ್ ಮಾಡಿಕೊಳ್ಳಿ. ಸರ್ಕಾರದ್ದೇ ತಾಣ, ದುಡ್ಡು ಕೊಡಬೇಕಿಲ್ಲ. 76ರಿಂದ 123ರವರೆಗಿನ ಸೆಕ್ಷನ್‌ಗಳು ಕಾಣದಿದ್ದರೆ ಗಾಬರಿ ಬೇಡ. ಆ ವಿಷಯ 1930ರ ಸರಕು ಮಾರಾಟ ಕಾಯ್ದೆಗೆ ಹೋಗಿದೆ. ಸೆಕ್ಷನ್ ಕೆಳಗಿನ ಇಲ್ಲಸ್ಟ್ರೇಷನ್‌ಗಳನ್ನು, ಅಂದ್ರೆ ಉದಾಹರಣೆಗಳನ್ನು ಹಾರಿಸಬೇಡಿ, ಅವೂ ಕಾಯ್ದೆಯ ಭಾಗವೇ.

ಮೂಲವನ್ನೇ ಯಾಕೆ ಓದಬೇಕು ಅಂದ್ರೆ, ಸೆಕ್ಷನ್ 11 ನೋಡಿ. ಕರಾರು ಮಾಡಿಕೊಳ್ಳಲು ಯಾರು ಅರ್ಹರು ಎಂದು ಹೇಳುತ್ತದೆ, ವಯಸ್ಸಿನ ಮಾತೂ ಇದೆ. ಆದರೆ ಮೈನರ್ ಮಾಡಿದ ಕರಾರು ಏನಾಗುತ್ತದೆ? ಅಲ್ಲಿ ಒಂದಕ್ಷರವೂ ಇಲ್ಲ. ಅದು ಮೊದಲಿಂದಲೇ ಅನೂರ್ಜಿತ ಎಂದದ್ದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ. ಕಾಯ್ದೆ ಹೇಳಿದ್ದೆಷ್ಟು, ಕೋರ್ಟು ಹೇಳಿದ್ದೆಷ್ಟು ಅನ್ನೋದು ನೋಟ್ಸಿನಲ್ಲಿ ಕಲಸಿಹೋಗಿರುತ್ತದೆ. ಎರಡನ್ನೂ ಜೊತೆಗಿಟ್ಟು ಓದಿ.

ತೀರ್ಪು ಹುಡುಕಲು ಇಂಡಿಯನ್ ಕಾನೂನ್ ತಾಣ ಸಾಕು. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು ಅದರದೇ ಆನ್‌ಲೈನ್ ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಉಚಿತ. ತೀರ್ಪಿನ ಮೇಲಿರುವ ಸಾರಾಂಶ, ಅಂದ್ರೆ ಹೆಡ್‌ನೋಟ್ ಓದಿ ಸುಮ್ನೆ ನಿಲ್ಲಿಸಬೇಡಿ. ಅದನ್ನು ಬರೆದವರು ಸಂಪಾದಕರು, ನ್ಯಾಯಮೂರ್ತಿಗಳಲ್ಲ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ನೆರವೇರಿಸಲು ಅಸಾಧ್ಯವಾದ ಕರಾರಿನ ಬಗ್ಗೆ ಹೇಳುವ ಸೆಕ್ಷನ್ 56 ಮತ್ತು 1954ರಲ್ಲಿ ವರದಿಯಾದ, ಸುಪ್ರೀಂ ಕೋರ್ಟಿನ ಸತ್ಯಬ್ರತ ಘೋಷ್ ತೀರ್ಪು. ಮಾರಾಟಕ್ಕೆ ಕರಾರಾಗಿದ್ದ ಜಮೀನನ್ನು ಯುದ್ಧಕಾಲದಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಂಡಿತ್ತು. ಆದರೂ ಕರಾರು ಬಿದ್ದುಹೋಗಲಿಲ್ಲ. ಯಾಕೆ ಅನ್ನೋದನ್ನು ತೀರ್ಪಿನಲ್ಲೇ ಓದಿ, ಪೆನ್ಸಿಲ್ ಹಿಡಿದುಕೊಂಡು.