ನಾಲ್ಕು ಗಾಂಜಾ ಗಿಡ, ಲೆಕ್ಕವಿಲ್ಲದಷ್ಟು ನುಸಿ: ನನ್ನ ಅನುಭವ

ನಮ್ಮ ಮನೆಗೆ ನುಸಿ ಬಂದದ್ದು ದಾಸವಾಳದ ಕುಂಡದ ಜೊತೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಸೆಪ್ಟೆಂಬರ್ ಕೊನೆಯ ವಾರವೆಂದರೆ ಕುಂಡಗಳನ್ನು ಒಳಗೆ ಹೊರುವ ವಾರ. ಮೊದಲ ಹಿಮ ಬೀಳುವುದಕ್ಕೆ ಮುಂಚೆ ಕರಿಬೇವು, ಮಲ್ಲಿಗೆ, ದಾಸವಾಳ ಎಲ್ಲವೂ ಕಿಟಕಿಯ ಬಳಿ ಸೇರಬೇಕು. ಆ ವರ್ಷ ಕಿಟಕಿಯ ಬಳಿ ಜಾಗ ಸಾಲದೆ, ದಾಸವಾಳವನ್ನು ನೆಲಮಾಳಿಗೆಯಲ್ಲಿದ್ದ ಗಾಂಜಾ ಗಿಡಗಳ ಟೆಂಟಿನೊಳಗೆ, ಎಲ್‌ಇಡಿ ದೀಪದ ಕೆಳಗೆ ಇಟ್ಟೆ. ಬೆಳಕು ಹೇಗೂ ದಿನಕ್ಕೆ ಹದಿನೆಂಟು ಗಂಟೆ ಉರಿಯುತ್ತದೆ, ಇನ್ನೊಂದು ಗಿಡಕ್ಕೂ ಆಗಲಿ ಎಂಬ ಜಿಪುಣತನ ನನ್ನದು.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಗಾಂಜಾ ಹೊಂದುವುದು ಕಾನೂನುಬದ್ಧವಾಗಿದೆ. ಒಂಟಾರಿಯೊದಲ್ಲಿ ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಸಬಹುದು. ಮನೆಯಲ್ಲಿ ಎಷ್ಟು ಜನರಿದ್ದರೂ ನಾಲ್ಕೇ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಅದಕ್ಕೂ ಅವಕಾಶವಿಲ್ಲ. ಭಾರತದಲ್ಲಂತೂ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಈ ಗಿಡ ಬೆಳೆಸುವುದು ಶಿಕ್ಷಾರ್ಹ ಅಪರಾಧ. ಆದ್ದರಿಂದ ಇದನ್ನು ಒಂಟಾರಿಯೊದ ನೆಲಮಾಳಿಗೆಯೊಂದರ ಕಥೆಯೆಂದೇ ಓದಿಕೊಳ್ಳಬೇಕು. ನನ್ನ ನಾಲ್ಕರಲ್ಲಿ ಮೂರು ಗಿಡಗಳು ಇನ್ನೂ ಎಲೆ ಬಿಡುವ ಹಂತದಲ್ಲಿ ಟೆಂಟಿನಲ್ಲಿದ್ದವು. ನಾಲ್ಕನೆಯದನ್ನು ಹೂ ಬಿಡಿಸುವುದಕ್ಕಾಗಿ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆಯ ಲೆಕ್ಕದಲ್ಲಿ ಪಕ್ಕದ ಬೀರುವಿನಲ್ಲಿ ಇರಿಸಿದ್ದೆ.

ಅಕ್ಟೋಬರ್ ಮಧ್ಯದಲ್ಲಿ ಟೆಂಟಿನ ಒಂದು ಗಿಡದ ಕೆಳ ಎಲೆಗಳ ಮೇಲೆ ಪುಡಿಯುಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಂಡವು. ನಾನು ಅದನ್ನು ಕ್ಯಾಲ್ಸಿಯಂ ಕೊರತೆಯೆಂದು ತಿಳಿದು ಗೊಬ್ಬರ ಹೆಚ್ಚಿಸಿದೆ. ಆಮೇಲೆ ದೀಪದ ಶಾಖವಿರಬಹುದೆಂದು ದೀಪವನ್ನು ಅರ್ಧ ಅಡಿ ಮೇಲಕ್ಕೆತ್ತಿದೆ. ಹೀಗೆ ಹತ್ತು ದಿನ ಕಳೆಯಿತು. ಆ ಹತ್ತು ದಿನಗಳಲ್ಲಿ ಒಂದು ಸಲವಾದರೂ ಎಲೆಯನ್ನು ಮಗುಚಿ ನೋಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಕೊನೆಗೆ ನೋಡಿದ್ದು ನನ್ನ ಹೆಂಡತಿ. ಒಂದು ಎಲೆಯನ್ನು ಬಿಳಿ ಕಾಗದದ ಮೇಲೆ ಹಿಡಿದು ಬೆರಳಿನಿಂದ ತಟ್ಟಿದಳು. ಕಾಗದದ ಮೇಲೆ ಬಿದ್ದ ಧೂಳು ನಡೆಯತೊಡಗಿತು.

ಮೂವತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಕಂಡದ್ದು ಎರಡು ಚುಕ್ಕೆಯ ಜೇಡ ನುಸಿ. ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಮಾಸಲು ಹಸಿರು ಮೈ, ಎರಡು ಪಕ್ಕಕ್ಕೂ ಒಂದೊಂದು ಕಪ್ಪು ಮಚ್ಚೆ, ಎಂಟು ಕಾಲು. ನಾಳದ ಪಕ್ಕದಲ್ಲಿ ನೀರಿನ ಹನಿಯಂತೆ ದುಂಡಗೆ ಹೊಳೆಯುವ ಮೊಟ್ಟೆಗಳು, ಅವುಗಳ ನಡುವೆ ಕಳಚಿಬಿದ್ದ ಬಿಳಿ ಪೊರೆಗಳು. ಇದು ಕೀಟವಲ್ಲ, ಜೇಡದ ಬಳಗದ್ದು; ಆದ್ದರಿಂದ ಕೀಟಗಳಿಗೆಂದು ಮಾರುವ ಎಷ್ಟೋ ಔಷಧಿಗಳು ಇದಕ್ಕೆ ತಾಗುವುದಿಲ್ಲ. ಅಷ್ಟೇ ಅಲ್ಲ, ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ನುಸಿಯನ್ನು ತಿನ್ನುವ ಜೀವಿಗಳನ್ನು ಕೊಂದು ನುಸಿಯ ಸಂಖ್ಯೆಯನ್ನು ಹೆಚ್ಚಿಸುವುದೂ ಉಂಟು.

ನನ್ನ ಟೆಂಟು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಒಳಗಿನ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್. ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಆಗಷ್ಟೇ ಶುರುವಾಗಿದ್ದರಿಂದ ಗಾಳಿಯ ತೇವಾಂಶ ಶೇಕಡ 35ಕ್ಕೆ ಇಳಿದಿತ್ತು. ಆ ಬಿಸಿಯಲ್ಲಿ ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆಯುತ್ತದೆ, ಎಂಟು ದಿನಗಳ ಆಸುಪಾಸಿನಲ್ಲಿ ಮರಿ ತಾನೇ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ನೂರರಷ್ಟು ಮೊಟ್ಟೆ ಇಡಬಲ್ಲದು. ಗಂಡಿನೊಡನೆ ಕೂಡದಿದ್ದರೂ ಇಡುತ್ತದೆ, ಅವು ಗಂಡು ಮರಿಗಳಾಗುತ್ತವೆ, ಆ ಗಂಡುಗಳೊಡನೆ ಸಂಸಾರ ಮುಂದುವರಿಯುತ್ತದೆ. ದಾಸವಾಳದ ಜೊತೆ ಒಂದೇ ಒಂದು ಬಂದಿದ್ದರೂ ಸಾಕಾಗಿತ್ತು.

ಊರಿನಲ್ಲಿ ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಪೀಡೆ ಬಂದಾಗ, ಬೇವಿನೆಣ್ಣೆ, ಬೆಳ್ಳುಳ್ಳಿ ರಸ, ಸೋಪು ಕಲಸಿದ ದ್ರಾವಣವನ್ನು ಗೊನೆಗಳಿಗೆ ಹೊಡೆಸಲು ಅಪ್ಪ ಪಟ್ಟ ಪಾಡು ನನಗೆ ನೆನಪಿದೆ. ಅದು ಬೇರೆ ಜಾತಿಯ ನುಸಿ, ಕಾಯಿಯ ತೊಟ್ಟಿನ ಕೆಳಗೆ ಅಡಗುವಂಥದು. ಆದರೂ ಫೋನು ಮಾಡಿದೆ. ಗಿಡ ಯಾವುದೆಂದು ಅಪ್ಪ ಕೇಳಿದಾಗ ಔಷಧಿ ಗಿಡವೆಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಯಾವುದಾದ್ರೂ ಆಗ್ಲಿ ಬಿಡಪ್ಪ. ಎಲೆ ತಳಕ್ಕೆ ಹೊಡಿ. ಮೇಲೆ ಹೊಡುದ್ರೆ ನೀರು ದಂಡ,” ಎಂದರು. ಆ ಚಳಿಗಾಲದಲ್ಲಿ ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ.

ಸಲಹೆ ಒಳ್ಳೆಯದಿದ್ದರೂ ನಾನು ಹೊಡೆದ ದ್ರಾವಣ ತಪ್ಪಾಗಿತ್ತು. ಸೋಪೆಂದರೆ ಸೋಪೇ ಎಂದುಕೊಂಡು ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ, ದೀಪ ಉರಿಯುತ್ತಿರುವಾಗಲೇ ಸಿಂಪಡಿಸಿದೆ. ಮರುದಿನ ಎಳೆಯ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಮುದುಡಿತ್ತು. ಪಾತ್ರೆ ತೊಳೆಯುವ ದ್ರವ ಬಹುಮಟ್ಟಿಗೆ ಡಿಟರ್ಜೆಂಟ್. ಗಿಡಗಳಿಗೆ ಬಳಸುವುದು ಕೊಬ್ಬಿನಾಮ್ಲಗಳ ಪೊಟ್ಯಾಸಿಯಂ ಲವಣದಿಂದ ಮಾಡಿದ ಸೋಪು. ಎರಡನೆಯದು ಬಾಟಲಿಯಲ್ಲಿ ಸಿಗುತ್ತದೆ, ಅದರ ಚೀಟಿಯ ಮೇಲೆ ಯಾವ ಬೆಳೆಗೆ ಎಷ್ಟು ಬಳಸಬೇಕೆಂದು ಬರೆದಿರುತ್ತದೆ. ಗಾಂಜಾ ಬೆಳೆಯ ಹೆಸರಿರುವ ಬಾಟಲಿಯನ್ನೇ ಹುಡುಕಿ ತಂದೆ.

ನವೆಂಬರ್ 1ರ ಬೆಳಿಗ್ಗೆ ಟೆಂಟಿನ ಜಿಪ್ ಎಳೆದಾಗ, ಮೂಲೆಯಲ್ಲಿದ್ದ ಗಿಡದ ತುದಿಯಿಂದ ಪಕ್ಕದ ಗಿಡದ ತುದಿಗೆ ತೆಳುವಾದ ಬಲೆ ಕಟ್ಟಿತ್ತು. ಫ್ಯಾನಿನ ಗಾಳಿಗೆ ಅದು ಅಲುಗಾಡುತ್ತಿತ್ತು, ಅದರ ಮೇಲೆ ನೂರಾರು ನುಸಿಗಳು ಹೊಸ ಎಲೆ ಹುಡುಕಿಕೊಂಡು ಹೊರಟಿದ್ದವು. ಬಲೆ ಕಂಡಿತೆಂದರೆ ಆ ಗಿಡದ ಮಟ್ಟಿಗೆ ಸಮಯ ಮೀರಿದೆ ಎಂದೇ ಅರ್ಥ. ಬುಡಕ್ಕೆ ಕತ್ತರಿಸಿ, ಅಲ್ಲಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಮಣ್ಣಿನ ಸಮೇತ ಕಸಕ್ಕೆ ಹಾಕಿದೆ. ಗೊಬ್ಬರದ ಗುಂಡಿಗೆ ಹಾಕಲಿಲ್ಲ. ದಾಸವಾಳವನ್ನು ಎಲೆಯೊಂದೂ ಉಳಿಯದಂತೆ ಬೋಳಿಸಿ ಸ್ನಾನದ ಮನೆಗೆ ಸಾಗಿಸಿದೆ.

ಬೀರುವಿನಲ್ಲಿದ್ದ ಹೂಬಿಟ್ಟ ಗಿಡದ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಲು ಎರಡು ದಿನ ಬೇಕಾಯಿತು. ಐದನೇ ವಾರದ ಹೂಗೊಂಚಲುಗಳು ಅಂಟು ರಾಳದಿಂದ ತುಂಬಿದ್ದವು, ಅವುಗಳ ಸಂದಿಯಲ್ಲೂ ನುಸಿಯಿತ್ತು. ಹೂವಿನ ಮೇಲೆ ಏನನ್ನು ಹೊಡೆದರೂ ಅದು ಅಲ್ಲೇ ಉಳಿಯುತ್ತದೆ, ಸೇದುವವರ ಶ್ವಾಸಕೋಶಕ್ಕೆ ನೇರವಾಗಿ ಹೋಗುತ್ತದೆ. ಟೊಮೆಟೊದಂತೆ ತೊಳೆದು ತಿನ್ನುವ ಪದಾರ್ಥ ಇದಲ್ಲ. ಇಲ್ಲಿ ಪರವಾನಗಿ ಪಡೆದ ಕೆಲವು ಬೆಳೆಗಾರರ ಮಾಲಿನಲ್ಲಿ ಮೈಕ್ಲೋಬ್ಯುಟಾನಿಲ್ ಎಂಬ ಶಿಲೀಂಧ್ರನಾಶಕ ಪತ್ತೆಯಾಗಿ ಸರಕು ವಾಪಸು ಪಡೆದ ಮೇಲೆ, 2017ರಲ್ಲಿ ಇಲ್ಲಿನ ಆರೋಗ್ಯ ಇಲಾಖೆಯಾದ ಹೆಲ್ತ್ ಕೆನಡಾ ಪೀಡೆನಾಶಕಗಳ ಶೇಷಕ್ಕಾಗಿ ತಪಾಸಣೆ ಬಿಗಿಗೊಳಿಸಿತು. ಆ ರಾಸಾಯನಿಕ ಕಾದಾಗ ಹೈಡ್ರೋಜನ್ ಸಯನೈಡ್ ಹೊಮ್ಮಬಲ್ಲದು. ಇದೆಲ್ಲ ಗೊತ್ತಿದ್ದೂ ನನ್ನ ಬೀರುವಿನ ಹೂವಿಗೆ ಏನಾದರೊಂದು ಸುರಿಯುವುದು ಮೂರ್ಖತನವಾಗುತ್ತಿತ್ತು. ಮೂರು ತಿಂಗಳ ಆರೈಕೆಯ ಆ ಗಿಡವೂ ಚೀಲ ಸೇರಿತು. ಉಳಿದದ್ದು ಟೆಂಟಿನ ಎರಡು ಗಿಡ.

ಅವೆರಡರ ಚಿಕಿತ್ಸೆ ನೀರಿನಿಂದ ಶುರುವಾಯಿತು. ಕುಂಡದ ಮಣ್ಣು ಉದುರದಂತೆ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಗಿಡವನ್ನು ಸ್ನಾನದ ತೊಟ್ಟಿಯ ಮೇಲೆ ತಲೆಕೆಳಗಾಗಿ ಹಿಡಿದು, ಉಗುರುಬೆಚ್ಚಗಿನ ನೀರನ್ನು ಷವರಿನಿಂದ ಎಲೆಯ ತಳಕ್ಕೆ ಬಿಟ್ಟೆವು. ಹೆಂಡತಿ ಕುಂಡ ಹಿಡಿದಿದ್ದಳು, ನಾನು ಒಂದೊಂದೇ ಎಲೆಯನ್ನು ಅಂಗೈಯಲ್ಲಿ ಹರಡಿಕೊಂಡು ತೊಳೆಯುತ್ತಿದ್ದೆ. ಒಂದು ಗಿಡಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬರೀ ನೀರಿಗೆ ಅಷ್ಟು ನುಸಿ ಕೊಚ್ಚಿಹೋಗುತ್ತದೆಂದು ನಾನು ನಂಬಿರಲಿಲ್ಲ.

ಸೋಪು ಮೈಮೇಲೆ ಬಿದ್ದ ನುಸಿಯನ್ನು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಮೊಟ್ಟೆಗಳಲ್ಲಿ ಬಹುಪಾಲು ಅದರಿಂದ ಪಾರಾಗುತ್ತವೆ. ಹಾಗಾಗಿ ಇಂದು ಹೊಡೆದು ನಾಳೆ ಸ್ವಚ್ಛವಾಗಿ ಕಂಡ ಎಲೆಗೆ ನಾಲ್ಕನೇ ದಿನ ಮತ್ತೆ ಮರಿ ತುಂಬುತ್ತದೆ, ಸಿಂಪಡಿಸಿದವನು ಔಷಧಿಯನ್ನು ಬೈಯುತ್ತಾನೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರ್ 3, 7, 11, 15 ಎಂದು ಗುರುತು ಹಾಕಿದೆ. ಮೊಟ್ಟೆಯೊಡೆದು ಬಂದ ಮರಿ ತಾನು ಮೊಟ್ಟೆಯಿಡುವ ಮುನ್ನ ಸೋಪಿಗೆ ಸಿಗಬೇಕು, ಅಷ್ಟೇ ಇದರ ಲೆಕ್ಕ. ಆ ಲೆಕ್ಕಕ್ಕೆ ನೆರವಾಗಲೆಂದು ಟೆಂಟಿನ ಶಾಖವನ್ನು 22 ಡಿಗ್ರಿಗೆ ಇಳಿಸಿದೆ. ತಂಪಿನಲ್ಲಿ ನುಸಿಯ ಬೆಳವಣಿಗೆಗೆ ಹೆಚ್ಚುಕಡಿಮೆ ಎರಡರಷ್ಟು ದಿನ ಹಿಡಿಯುತ್ತದೆ. ತೇವಾಂಶವನ್ನು ಯಂತ್ರವಿಟ್ಟು ಶೇಕಡ 65ಕ್ಕೆ ಏರಿಸಿದೆ. ಗಿಡಗಳು ಹೂವಿನಲ್ಲಿದ್ದಿದ್ದರೆ ಬೂಷ್ಟಿನ ಭಯದಿಂದ ಅಷ್ಟು ತೇವ ಇಡುವ ಧೈರ್ಯ ಮಾಡುತ್ತಿರಲಿಲ್ಲ. ಸಿಂಪಡಣೆಯೆಲ್ಲ ದೀಪ ಆರಿದ ಮೇಲೆಯೇ.

ಪ್ರತಿ ಸಲವೂ ಸಿಂಪಡಿಸುವ ಮೊದಲು ಹತ್ತು ಎಲೆಗಳನ್ನು ಮಗುಚಿ, ಭೂತಗನ್ನಡಿಯಲ್ಲಿ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟೆ. ನವೆಂಬರ್ 3ರಂದು ಎಲೆಗೆ ಸರಾಸರಿ ನಲವತ್ತಿದ್ದದ್ದು 15ಕ್ಕೆ ಆರಕ್ಕೆ ಇಳಿಯಿತು. ಆರು ಎಂದರೆ ಸೋಪಿನ ಕೈಗೆ ಸಿಗದ ಆರು: ಸುಳಿಯ ಮಡಿಕೆಯಲ್ಲಿ, ಎಲೆಯ ತೊಟ್ಟಿನ ಕವಲಿನಲ್ಲಿ ಕುಳಿತವು. ಅವನ್ನು ಹುಡುಕಿ ತಿನ್ನಲು ನುಸಿಯೇ ಬೇಕಿತ್ತು.

ಫೈಟೋಸೀಯುಲಸ್ ಪರ್ಸಿಮಿಲಿಸ್ ಎಂಬ ಪರಭಕ್ಷಕ ನುಸಿ ಜೇಡ ನುಸಿಯನ್ನೇ ತಿಂದು ಬದುಕುತ್ತದೆ. ನೆದರ್‌ಲ್ಯಾಂಡ್ಸ್‌ನ ಸೌತೆ ಬೆಳೆಗಾರ ಯಾನ್ ಕೊಪ್ಪರ್ಟ್ 1967ರಲ್ಲಿ ಇದನ್ನು ಸಾಕಿ ಮಾರಲು ಶುರು ಮಾಡಿದಂದಿನಿಂದ ಗಾಜುಮನೆಯ ಬೆಳೆಗಾರರಿಗೆ ಇದು ಹಳೆಯ ಪರಿಚಯ. ನನಗೆ ಅಂಚೆಯಲ್ಲಿ ಒಂದು ಚಿಕ್ಕ ಬಾಟಲಿ ಬಂತು, ಒಳಗೆ ಹೊಟ್ಟಿನಂಥ ಪುಡಿ. ನವೆಂಬರ್ 18ರ ಸಂಜೆ, ಬಾಟಲಿಯನ್ನು ಮೆಲ್ಲಗೆ ಉರುಳಿಸಿ, ಪುಡಿಯನ್ನು ಎಲೆಗಳ ಮೇಲೆ ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ಕಿತ್ತಳೆ ಬಣ್ಣ, ಹನಿಯಾಕಾರದ ಮೈ, ಉದ್ದ ಕಾಲು. ಜೇಡ ನುಸಿ ತೆವಳುವಂತೆ ನಡೆದರೆ ಇದು ಓಡುತ್ತದೆ. ಭೂತಗನ್ನಡಿಯ ಕೆಳಗೆ ಒಂದು ಪರ್ಸಿಮಿಲಿಸ್ ಮೊಟ್ಟೆಯೊಂದಕ್ಕೆ ಬಾಯಿಟ್ಟು ನಿಂತದ್ದನ್ನು ನೋಡಿದೆ. ಹೊಳೆಯುತ್ತಿದ್ದ ಗೋಲ ಮೆಲ್ಲಗೆ ಸುಕ್ಕಾಗಿ ಬರೀ ಪೊರೆಯಾಯಿತು, ಅದು ಮುಂದಿನದಕ್ಕೆ ಹೋಯಿತು. ಶೇಕಡ 60ಕ್ಕಿಂತ ಕಡಿಮೆ ತೇವದಲ್ಲಿ ಇದರ ಸ್ವಂತ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ. ತೇವ ಏರಿಸಿದ್ದು ಈಗ ಎರಡನೇ ಸಲ ಕೆಲಸಕ್ಕೆ ಬಂತು.

ನಡುವೆ ಒಂದು ಪೆದ್ದುತನವೂ ಆಯಿತು. ಬಾಟಲಿ ಸುರಿದ ಎರಡು ದಿನಗಳ ನಂತರ, ಖಾಲಿಯಾಗಿದ್ದ ಬೀರುವಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ನುಸಿಗಳ ಒಂದು ಗುಂಪು ಕಂಡಿತು. ನಮ್ಮ ಸೈನ್ಯ ಅಲ್ಲಿಯವರೆಗೂ ಹೋಗಿದೆಯೆಂದು ಹಿಗ್ಗಿ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, “ಇವು ಓಡ್ತಾನೇ ಇಲ್ವಲ್ರೀ,” ಎಂದಳು. ನಿಜ, ಅವು ಕದಲುತ್ತಿರಲಿಲ್ಲ. ಹಗಲು ಚಿಕ್ಕದಾಗಿ ತಂಪು ಹೆಚ್ಚಿದಾಗ ಜೇಡ ನುಸಿಯ ಹೆಣ್ಣುಗಳೇ ಕಿತ್ತಳೆ ಬಣ್ಣಕ್ಕೆ ತಿರುಗಿ, ಊಟ ಬಿಟ್ಟು, ಸಂದಿಗಳಲ್ಲಿ ಚಳಿಗಾಲ ಕಳೆಯುತ್ತವೆ. ಬೀರುವಿನ ಹನ್ನೆರಡು ಗಂಟೆಯ ಬೆಳಕು, ನೆಲಮಾಳಿಗೆಯ ತಂಪು ಎರಡೂ ಸೇರಿ ಅವುಗಳಿಗೆ ಚಳಿಗಾಲವನ್ನು ಕಾಣಿಸಿದ್ದವು. ನಾನು ಮುಂದಿನ ಹೂವಿನ ಗಿಡವನ್ನು ಅಲ್ಲಿಯೇ ಇಡುವವನಿದ್ದೆ. ಬೀರುವಿನ ಹಲಗೆ ಬಿಚ್ಚಿ, ವ್ಯಾಕ್ಯೂಮ್ ಹಾಕಿ, ಪ್ರತಿಯೊಂದು ಸಂದಿಯನ್ನೂ ಸ್ಪಿರಿಟಿನಲ್ಲಿ ಒರೆಸಿದೆವು. ಟೆಂಟಿನ ಹೊಲಿಗೆ, ಜಿಪ್ಪಿನ ಮಡಿಕೆ, ಫ್ಯಾನಿನ ರೆಕ್ಕೆ, ಗಿಡಕ್ಕೆ ಕಟ್ಟಿದ ದಾರ ಯಾವುದನ್ನೂ ಬಿಡಲಿಲ್ಲ.

ಡಿಸೆಂಬರ್ 1ಕ್ಕೆ ಎಲೆಗೆ ಎರಡು ಜೇಡ ನುಸಿ, ಒಂದು ಪರಭಕ್ಷಕ ಎಂಬ ಲೆಕ್ಕ ಬಂತು. ಅದೇ ವಾರ ಇನ್ನೊಂದು ಬಾಟಲಿ ತರಿಸಿ ಬಿಟ್ಟೆ. 20ರಂದು ಎರಡು ಗಿಡಗಳ ಹತ್ತು ಹತ್ತು ಎಲೆಗಳಲ್ಲಿ ಜೇಡ ನುಸಿ ಒಂದೂ ಸಿಗಲಿಲ್ಲ. ಪರ್ಸಿಮಿಲಿಸ್‌ಗಳೂ ತಿನ್ನಲು ಏನಿಲ್ಲದೆ ವಿರಳವಾದವು. ಹೂವಿಗೆ ಹಾಕುವ ಮೊದಲು ಇನ್ನೂ ಎರಡು ವಾರ ಕಾದೆ, ಆ ಎರಡು ವಾರವೂ ನಾಲ್ಕು ದಿನಕ್ಕೊಮ್ಮೆ ಎಲೆ ಮಗುಚುವುದನ್ನು ನಿಲ್ಲಿಸಲಿಲ್ಲ. ಹೂವಿನ ಹಂತಕ್ಕೆ ನಿಯೋಸೀಯುಲಸ್ ಕ್ಯಾಲಿಫೋರ್ನಿಕಸ್ ಎಂಬ ಇನ್ನೊಂದು ಜಾತಿಯ ಪೊಟ್ಟಣಗಳನ್ನು ಕೊಂಬೆಗೆ ತೂಗುಹಾಕಿದೆ. ಅದು ಒಣ ಗಾಳಿಯನ್ನು ತಡೆದುಕೊಳ್ಳುತ್ತದೆ, ಜೇಡ ನುಸಿ ಸಿಗದಿದ್ದರೆ ಪರಾಗ ತಿಂದಾದರೂ ಬದುಕಿರುತ್ತದೆ. ರಾಳ ಹೆಚ್ಚಾದ ಮೇಲೆ ಅವೂ ಅಂಟಿಕೊಂಡು ಸಾಯುತ್ತವಾದ್ದರಿಂದ, ಪೊಟ್ಟಣ ಕಟ್ಟುವುದು ಹೂವಿನ ಮೊದಲ ವಾರಗಳಲ್ಲಿಯೇ ಮುಗಿಯಬೇಕು. ಮಾರ್ಚ್‌ನಲ್ಲಿ ಎರಡೂ ಗಿಡಗಳನ್ನು ಕೊಯ್ದೆ. ಹಿಂದಿನ ಸಲದ ಅರ್ಧದಷ್ಟು ಇಳುವರಿ, ಹೂವಿನಲ್ಲಿ ಬಲೆಯಿಲ್ಲ.

ಬೋಳಿಸಿದ ದಾಸವಾಳ ಫೆಬ್ರವರಿಯಲ್ಲೇ ಚಿಗುರಿತ್ತು. ಮುಂದಿನ ಸೆಪ್ಟೆಂಬರಿನಲ್ಲಿ ಅದನ್ನು ಒಳಗೆ ತಂದಾಗ ಸ್ನಾನದ ಮನೆಯ ಕಿಟಕಿಯಲ್ಲಿ ಮೂರು ವಾರ ಒಂಟಿಯಾಗಿ ಇಟ್ಟು, ದಿನ ಬಿಟ್ಟು ದಿನ ಬಿಳಿ ಕಾಗದದ ಮೇಲೆ ಎಲೆ ತಟ್ಟಿ ನೋಡಿದೆವು. ಹನ್ನೆರಡನೆಯ ದಿನ ಕಾಗದದ ಮೇಲೆ ಒಂದು ಚುಕ್ಕೆ ನಡೆಯಿತು. ಹೆಂಡತಿ ಷವರು ತಿರುಗಿಸಿದಳು, ನಾನು ಕುಂಡವನ್ನು ತಲೆಕೆಳಗೆ ಹಿಡಿದೆ.