ಆದಿತಾಳ ಹಾಕುತ್ತಾ ಕೇಳಿದ ಮೂರು ಶುಕ್ರವಾರ

2024ರ ಗೌರಿ ಹಬ್ಬ ಶುಕ್ರವಾರ ಬಂದಿತ್ತು, ಸೆಪ್ಟೆಂಬರ್ 6. ಅಮ್ಮ ಬಾಗಿನದ ಮೊರ ಜೋಡಿಸುತ್ತಿದ್ದರು. ಹೂವು ತರಲು ಹೊರಟ ನಾನು ಬಾಗಿಲಲ್ಲೇ ನಿಂತು ಫೋನ್ ನೋಡುತ್ತಿದ್ದೆ. ಫ್ರೆಡ್ ಅಗೇನ್ ಅವರ ಹೊಸ ಆಲ್ಬಂ ‘ಟೆನ್ ಡೇಸ್’ ಆವತ್ತೇ ಬಂದಿತ್ತು. ಮುಂದಿನ ಶುಕ್ರವಾರ ಫ್ಲೋಟಿಂಗ್ ಪಾಯಿಂಟ್ಸ್ ಅವರ ‘ಕ್ಯಾಸ್ಕೇಡ್’ ಇತ್ತು. ಅದರ ಮುಂದಿನ ಶುಕ್ರವಾರ, 20ಕ್ಕೆ, ಜೇಮೀ ಎಕ್ಸ್ಎಕ್ಸ್ ಅವರ ‘ಇನ್ ವೇವ್ಸ್’. ಮೂವರೂ ಇಂಗ್ಲೆಂಡಿನವರು. ಡಾನ್ಸ್ ಸಂಗೀತ ಇಷ್ಟಪಡುವ ನನ್ನಂಥವರಿಗೆ ಇಂಥ ತಿಂಗಳು ಮತ್ತೆ ಮತ್ತೆ ಬರುವುದಿಲ್ಲ. ಈ ಸಲ ಒಂದೊಂದು ಹಾಡು ಹೆಕ್ಕಿ ಕೇಳಬಾರದು, ಪ್ರತಿ ಆಲ್ಬಂ ಪೂರ್ತಿ ಕೇಳಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಮೊದಲು ರೂಮು ಸರಿ ಮಾಡಿಕೊಂಡೆ. ನನ್ನ ಎರಡು ಸ್ಪೀಕರ್‌ಗಳು ವರ್ಷಗಟ್ಟಲೆ ಗೋಡೆಯ ಮೂಲೆಯಲ್ಲೇ ಇದ್ದವು. ಮೂಲೆಯಲ್ಲಿ ಇಟ್ಟರೆ ಬೇಸ್ ಜಾಸ್ತಿ ಬರುತ್ತದೆ ನಿಜ. ಆದರೆ ಬರುವುದು ಒಂದೇ ದಪ್ಪ ಗುಂಯ್‌ಗುಡುವಿಕೆ, ಅದರೊಳಗೆ ಸ್ವರ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಎರಡನ್ನೂ ಗೋಡೆಯಿಂದ ಎರಡಡಿ ಮುಂದೆ ತಂದೆ. ಎದುರಿನ ಬರಿ ಗೋಡೆಗೆ ಅಜ್ಜಿ ಹೊಲಿದ ಕೌದಿ ನೇತುಹಾಕಿದೆ. ಚಪ್ಪಾಳೆ, ಹೈಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಟ್ಟೆ) ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತಿದ್ದದ್ದು ಕಡಿಮೆಯಾಯಿತು. ಖರ್ಚು ಒಂದು ರೂಪಾಯಿಯೂ ಇಲ್ಲ.

ಇನ್ನು ಕೇಳುವ ರೀತಿ. ಚಿಕ್ಕವನಿದ್ದಾಗ ಎರಡು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ. ಸರಳೆ, ಜಂಟಿ ವರಸೆ ಎಲ್ಲ ಈಗ ಮರೆತಿದೆ, ತಾಳ ಮಾತ್ರ ಕೈಯಲ್ಲಿ ಉಳಿದಿದೆ. ಆದಿತಾಳ ಗೊತ್ತಲ್ವಾ? ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಒಟ್ಟು ಎಂಟು. ಹೌಸ್ ಅನ್ನುವ ಡಾನ್ಸ್ ಸಂಗೀತದಲ್ಲಿ ಕಿಕ್ ಡ್ರಮ್, ಅಂದರೆ ದಪ್ಪ ಸದ್ದಿನ ಡ್ರಮ್, ನಾಲ್ಕು ನಾಲ್ಕಾಗಿ ಬೀಳುತ್ತದೆ. ಆ ನಾಲ್ಕು ಪೆಟ್ಟು ಸೇರಿ ಒಂದು ಬಾರ್, ಹಾಗಾಗಿ ಅವರ ಎರಡು ಬಾರ್ ನಮ್ಮ ಆದಿತಾಳದ ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ತೊಡೆ ಮೇಲೆ ತಾಳ ಹಾಕುತ್ತಾ ಕೂತರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಸಾಮಾನ್ಯವಾಗಿ ನಾಲ್ಕು ಆವರ್ತಕ್ಕೋ ಎಂಟು ಆವರ್ತಕ್ಕೋ ಒಮ್ಮೆ ಏನೋ ಒಂದು ಬದಲಾಗುತ್ತದೆ. ಒಂದು ಹೈಹ್ಯಾಟ್ ಸೇರುತ್ತದೆ, ಬೇಸ್ ಬಿಟ್ಟು ಹೋಗುತ್ತದೆ, ದೂರದಲ್ಲಿ ಒಂದು ದನಿ ಕೇಳುತ್ತದೆ. "ಒಂದೇ ಸದ್ದು ಕುಟ್ಟುತ್ತಲೇ ಇರುತ್ತಲ್ಲಾ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಸಲ ತಾಳ ಹಾಕಿ ಕೇಳಿ.

‘ಟೆನ್ ಡೇಸ್’ ಹೀಗೆ ಕೂತು ಕೇಳಿದ ಮೊದಲನೆಯದು. ಇಪ್ಪತ್ತು ಟ್ರ್ಯಾಕ್ ಇವೆ, ಆದರೆ ಹಾಡು ಹತ್ತೇ. ಉಳಿದ ಹತ್ತು ಹಾಡುಗಳ ನಡುವೆ ಬರುವ ಚಿಕ್ಕ ಚಿಕ್ಕ ತುಣುಕುಗಳು. ಓಬೊಂಗ್‌ಜಯರ್ ಹಾಡಿರುವ ‘ಅಡೋರ್ ಯು’ ಎಷ್ಟು ಸಲ ಕೇಳಿದರೂ ಬೇಜಾರಿಲ್ಲ. ಹಳ್ಳಿಗಾಡಿನ ಹಾಡುಗಳಿಗೆ ಹೆಸರಾದ ಅಮೆರಿಕದ ಹಿರಿಯ ಗಾಯಕಿ ಎಮಿಲೂ ಹ್ಯಾರಿಸ್ ದನಿಯನ್ನು ಡಾನ್ಸ್ ಬೀಟ್ ಮೇಲೆ ಕೂರಿಸಿದ್ದು ದಿಟ್ಟ ಕೆಲಸ, ಅದು ಚೆನ್ನಾಗಿಯೂ ಬಂದಿದೆ. ಆದರೆ ಆ ತುಣುಕುಗಳು ನನಗೆ ಹಿಡಿಸಲಿಲ್ಲ. ಮೈ ಬಿಸಿಯಾಗುವ ಹೊತ್ತಿಗೆ ಸರಿಯಾಗಿ ಕೈ ತಾಳ ಬಿಡಬೇಕಾಗುತ್ತದೆ. ಇವರ ಹಾಡುಗಳಿಗೆ ಗೆಳೆಯರ ಫೋನ್ ಮಾತು, ಬೀದಿಯ ವಿಡಿಯೊ ಎಲ್ಲ ಸಾಮಗ್ರಿಯಾಗುವುದು ನನಗೆ ಮೊದಲಿನಿಂದಲೂ ಇಷ್ಟ. ಇಲ್ಲಿ ಮಾತ್ರ ಡೈರಿ ಬರೆದಂಥ ಆ ತುಣುಕುಗಳು ನೃತ್ಯಕ್ಕೆ ಅಡ್ಡ ಬಂದಿವೆ.

‘ಕ್ಯಾಸ್ಕೇಡ್’ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ಫ್ಲೋಟಿಂಗ್ ಪಾಯಿಂಟ್ಸ್ ಅಂದರೆ ಸ್ಯಾಮ್ ಶೆಫರ್ಡ್. ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದವರು, ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. 2021ರಲ್ಲಿ ಸ್ಯಾಕ್ಸೊಫೋನ್ ವಾದಕ ಫೇರೋ ಸ್ಯಾಂಡರ್ಸ್ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ‘ಪ್ರಾಮಿಸಸ್’ ಮಾಡಿದ್ದರು. ಅದು ಕಣ್ಣು ಮುಚ್ಚಿ ಕೇಳುವಂಥದ್ದು. ‘ಕ್ಯಾಸ್ಕೇಡ್’ನಲ್ಲಿ ಅವರು ಮತ್ತೆ ಕುಣಿತಕ್ಕೆ ಬಂದಿದ್ದಾರೆ. ಇದರ ಟ್ರ್ಯಾಕ್‌ಗಳಲ್ಲಿ ‘ಕೀ 103’ ಅನ್ನುವುದು ಮ್ಯಾಂಚೆಸ್ಟರ್‌ನ ಹಳೆಯ ರೇಡಿಯೊ ಕೇಂದ್ರದ ಹೆಸರು, ‘ಆಫ್ಲೆಕ್ಸ್ ಪ್ಯಾಲೆಸ್’ ಅಲ್ಲಿನ ಒಂದು ಮಾರ್ಕೆಟ್‌ನದು. ಪದವಿಲ್ಲದ ಸಂಗೀತಕ್ಕೆ ಹೀಗೆ ತನ್ನ ಊರಿನ ಜಾಗಗಳ ಹೆಸರಿಡುವುದು ನನಗೆ ತುಂಬಾ ಹಿಡಿಸಿತು.

ಅದೇ ಆಲ್ಬಂನ ‘ಬರ್ತ್ 4000’ ಹಾಕಿ ತಾಳ ಶುರು ಮಾಡಿದೆ. ಒಂದು ಬೇಸ್ ಸಾಲು ಕುದಿಯುವ ಎಸರಿನ ಹಾಗೆ ಒಂದೇ ಸಮ ಗುಳುಗುಳು ಅನ್ನುತ್ತಿರುತ್ತದೆ. ಸ್ವರ ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು ಅದರ ಬಣ್ಣ. ಮೊದಲು ಮುಚ್ಚಳ ಹಾಕಿದಂತೆ ಮಂದ. ಆಮೇಲೆ ಸ್ವಲ್ಪ ಸ್ವಲ್ಪವೇ ಮುಚ್ಚಳ ಸರಿದು ಹೊಳಪು ಬರುತ್ತದೆ. ಸಿಂಥ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಅದರ ಫಿಲ್ಟರ್ ಮಾಡುವ ಕೆಲಸ ಅದು. ಎಲ್ಲಿ ತೆರೆಯಿತು ಅಂತ ಹಿಡಿಯಲು ಮೂರು ಸಲ ನೋಡಿದೆ, ಮೂರು ಸಲವೂ ಬೇರೆ ಬೇರೆ ಜಾಗ ಅನ್ನಿಸಿತು. ಅಷ್ಟು ನಯವಾಗಿ ತಿರುಗಿಸಿದ್ದಾರೆ.

‘ಕ್ಯಾಸ್ಕೇಡ್’ ಬಂದ ಎರಡು ದಿನಕ್ಕೆ, ಭಾನುವಾರ ಸಂಜೆ, ನಮ್ಮ ಬೀದಿಯ ಗಣೇಶನ ವಿಸರ್ಜನೆ. ಸ್ಪೀಕರ್ ಆರಿಸಿ ಕೆಳಗೆ ಹೋದೆ. ಹುಡುಗರು ರಸ್ತೆ ಬದಿಯಲ್ಲಿ ಪೇಪರ್, ಒಣ ಗರಿ ಉರಿಸಿ ತಮಟೆ ಕಾಯಿಸುತ್ತಿದ್ದರು. ಬೆಂಕಿಗೆ ಹಿಡಿಯುವುದು, ಬೆರಳಲ್ಲಿ ಮೀಟಿ ಕಿವಿಗೊಡುವುದು, ಮತ್ತೆ ಹಿಡಿಯುವುದು. ಚರ್ಮ ಬಿಗಿಯಾದ ಹಾಗೆ ‘ಧಬ್’ ಅನ್ನುತ್ತಿದ್ದದ್ದು ‘ಟಣ್’ ಅನ್ನತೊಡಗಿತು. ಅದೇ ಪೆಟ್ಟು, ಬೇರೆ ಬಣ್ಣ. ಮೇಲೆ ರೂಮಿನಲ್ಲಿ ಮೂರು ಸಲ ಕೇಳಿದ್ದು ಇಲ್ಲಿ ಬೆಂಕಿ ಎದುರು ಕಣ್ಣಿಗೇ ಕಾಣುತ್ತಿತ್ತು. ಮೆರವಣಿಗೆ ಹೊರಟಾಗ ಒಬ್ಬ ಹುಡುಗ ಮಾತ್ರ ಮೂಲ ಪೆಟ್ಟು ಬಿಡದೆ ಹಿಡಿದಿದ್ದ, ಉಳಿದವರು ಅವನ ಮೇಲೆ ಒಬ್ಬೊಬ್ಬರಾಗಿ ಏರುತ್ತಿದ್ದರು. ನಾನು ಮುಖ್ಯ ರಸ್ತೆಯವರೆಗೂ ಅವನ ಪಕ್ಕದಲ್ಲೇ ನಡೆದೆ. ವಾಪಸ್ ಬಂದು ರಾತ್ರಿ ‘ಕ್ಯಾಸ್ಕೇಡ್’ ಕೊನೆಯ ತನಕ ಕೇಳಿದೆ. ಕೊನೆಯ ‘ಅಬ್ಲೇಜ್’ನಲ್ಲಿ ಕುಣಿತವೆಲ್ಲ ಇಳಿದು ಬರೀ ತೇಲುವ ಸದ್ದು ಉಳಿಯುತ್ತದೆ. ಆ ವರ್ಷ ನಾನು ಕೇಳಿದ್ದರಲ್ಲಿ ನನಗೆ ಇದೇ ಮೊದಲು.

ಜೇಮೀ ಎಕ್ಸ್ಎಕ್ಸ್ ಅವರದು ಒಂಬತ್ತು ವರ್ಷದ ಕಾಯುವಿಕೆ. ಅವರ ಹಿಂದಿನ ಆಲ್ಬಂ ‘ಇನ್ ಕಲರ್’ 2015ರಲ್ಲಿ ಬಂದದ್ದು. ಹೊಸದು ಅಷ್ಟು ಆಳ ಇಲ್ಲ ಅಂತ ಮೊದಲ ಸಲ ಅನ್ನಿಸಿ ಸ್ವಲ್ಪ ನಿರಾಸೆಯಾಗಿತ್ತು. ಎರಡನೇ ಸಲ ಮೆಟ್ರೊದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದಲ್ಲಿ ಮನೆಗೆ ಬರುವಷ್ಟರಲ್ಲಿ ಆಲ್ಬಂ ಪೂರ್ತಿ ಮುಗಿಯುತ್ತದೆ. ಶಿಕಾಗೋದ ಡಿಜೆ ಹನಿ ಡಿಜಾನ್ ಜೊತೆ ಮಾಡಿದ ‘ಬ್ಯಾಡಿ ಆನ್ ದ ಫ್ಲೋರ್’ನಲ್ಲಿ ತುತ್ತೂರಿಗಳು ನುಗ್ಗಿ ಬಂದಾಗ ಮದುವೆ ಬ್ಯಾಂಡ್‌ಸೆಟ್ ಎದುರು ನಿಂತಷ್ಟೇ ಖುಷಿಯಾಯಿತು. ‘ವೇಟೆಡ್ ಆಲ್ ನೈಟ್’ನಲ್ಲಿ ದಿ ಎಕ್ಸ್ಎಕ್ಸ್ ತಂಡದ ಹಳೆಯ ಗೆಳೆಯರು ರೋಮಿ, ಆಲಿವರ್ ಸಿಮ್ ಇಬ್ಬರೂ ಜೊತೆಗಿದ್ದಾರೆ. ಇದು ಒಬ್ಬರೇ ಕೂತು ಕೊರಗುವ ಆಲ್ಬಂ ಅಲ್ಲ, ಜನರ ಮಧ್ಯೆ ಕೇಳಬೇಕಾದದ್ದು. ರೂಮಿನಲ್ಲಿ ಕೇಳಿ ಅಳೆದದ್ದು ನನ್ನ ತಪ್ಪು.

ಅಕ್ಟೋಬರ್ 4ಕ್ಕೆ, ನವರಾತ್ರಿ ಶುರುವಾದ ಮಾರನೇ ದಿನ, ಕ್ಯಾರಿಬೂ ಅವರ ‘ಹನಿ’ (ಇಂಗ್ಲಿಷಿನಲ್ಲಿ ಜೇನು) ಆಲ್ಬಂ ಬಂತು. ಕ್ಯಾರಿಬೂ ಅಂದರೆ ಕೆನಡಾದ ಡ್ಯಾನ್ ಸ್ನೇತ್, ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಈ ಆಲ್ಬಂನಲ್ಲಿ ಅವರು ತಮ್ಮದೇ ದನಿಯನ್ನು ಎಐ ಮೂಲಕ ಬೇರೆಯವರ ದನಿಯಾಗಿ ಮಾಡಿಕೊಂಡಿದ್ದಾರೆ. ಅಮ್ಮ ಹಾಲ್‌ನಲ್ಲಿ ಗೊಂಬೆ ಸರಿ ಮಾಡುತ್ತಿದ್ದರು.

"ಈ ಹುಡುಗಿ ಯಾರೋ? ದನಿ ಚೆನ್ನಾಗಿದೆ."

"ಹುಡುಗಿ ಅಲ್ಲಮ್ಮ. ಆ ಸಂಗೀತ ಮಾಡಿದವರದೇ ದನಿ. ಕಂಪ್ಯೂಟರ್‌ನಲ್ಲಿ ಹಾಗೆ ಮಾಡಿದಾರೆ."

ಅಮ್ಮ ಕೈಯಲ್ಲಿದ್ದ ಗೊಂಬೆ ಕೆಳಗಿಟ್ಟರು. "ಹಾಗಾದ್ರೆ ಆ ಹುಡುಗಿ ಎಲ್ಲೂ ಇಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಇದೇ ಅಮ್ಮ ಹಿಂದೊಮ್ಮೆ ಎಲೆಕ್ಟ್ರಾನಿಕ್ ಸಂಗೀತಗಾರ ಫೋರ್ ಟೆಟ್ ಅವರ 2015ರ ‘ಮಾರ್ನಿಂಗ್/ಈವ್ನಿಂಗ್’ ಆಲ್ಬಂ ಹಾಕಿದ್ದಾಗ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಿದ್ದರು. ಅದರಲ್ಲಿ ಲತಾ ಮಂಗೇಶ್ಕರ್ ದನಿ ಇದೆ. ಅದೂ ಯಂತ್ರದ ಬೀಟ್ ಮೇಲೇ ಕೂತಿದ್ದು, ಆದರೆ ಹಾಡಿದವರು ಯಾರು ಅಂತ ಅಮ್ಮನಿಗೆ ಮೊದಲ ಸ್ವರದಲ್ಲೇ ಗೊತ್ತಾಗಿತ್ತು. ಕ್ಯಾರಿಬೂ ತಮ್ಮ ದನಿಯನ್ನೇ ಬದಲಿಸಿದ್ದಾರೆ, ಬೇರೆ ಯಾರದ್ದನ್ನೂ ಕದ್ದಿಲ್ಲ, ಒಪ್ಪುತ್ತೇನೆ. ‘ಹನಿ’ ಅನ್ನುವ ಟ್ರ್ಯಾಕ್ ಈಗಲೂ ಜೋರಾಗಿ ಹಾಕುತ್ತೇನೆ, ಅದರ ಬೇಸ್ ನನ್ನ ಸ್ಪೀಕರ್‌ಗೆ ಹಬ್ಬ. ಆದರೆ ಹಾಡುವ ದನಿ ಬೇಕು ಅನ್ನಿಸಿದಾಗ ಅವರ 2020ರ ‘ಸಡನ್ಲಿ’ಗೆ ಹೋಗುತ್ತೇನೆ. ಅಲ್ಲಿ ಕೇಳುವುದು ಅವರ ಸ್ವಂತ ದನಿ, ತೆಳ್ಳಗೆ, ಕಿವಿಯ ಹತ್ತಿರ ಬಂದು ಹೇಳುವಂಥದ್ದು. ಆವತ್ತು ಸಂಜೆ ಅದನ್ನೇ ಹಾಕಿದೆ. ಅಮ್ಮ ಮತ್ತೆ ಗೊಂಬೆಗಳ ಹತ್ತಿರ ಹೋಗಿ ಕೂತರು.