ಹಾವುರಾಣಿಯ ಬೆನ್ನಿನ ಏಣು ಎಣಿಸೋದು

ಹಾವುರಾಣಿ ಯಾವ ಜಾತಿಯದು ಅಂತ ಹೇಳೋಕೆ ನಾನು ಬಣ್ಣ ನೋಡೋದಿಲ್ಲ, ಬೆನ್ನು ನೋಡುತ್ತೇನೆ. ಪುಣೆಯಲ್ಲಿ ವೇತಾಳ ಟೇಕಡಿ ಅನ್ನೋ ಗುಡ್ಡದ ಪಕ್ಕ ನಮ್ಮ ಸೊಸೈಟಿ. ಕಂಪೌಂಡ್ ಗೋಡೆಯ ಬುಡದಲ್ಲಿ ಒಣ ಎಲೆ ಯಾವಾಗಲೂ ಬಿದ್ದಿರುತ್ತದೆ. ಅಲ್ಲಿ ನನಗೆ ಜಾಸ್ತಿ ಸಿಗೋದು ಎರಡು: ದೊಡ್ಡದು ಯುಟ್ರೋಪಿಸ್ ಕ್ಯಾರಿನೇಟಾ, ಚಿಕ್ಕದು ಯುಟ್ರೋಪಿಸ್ ಮ್ಯಾಕುಲೇರಿಯಾ. ಎರಡೂ ಕಂಚಿನ ಬಣ್ಣವೇ. ಅದರ ಮೇಲೆ ಬೆದೆಯ ಕಾಲದಲ್ಲಿ ಗಂಡಿಗೆ ಕೆಂಪು ಬೇರೆ ಏರುತ್ತದೆ, ಇನ್ನು ಬಣ್ಣ ನಂಬೋದು ಹೇಗೆ?

ಬೆಳಗ್ಗೆ ಎಳೆಬಿಸಿಲು ಗೋಡೆಗೆ ಬಿದ್ದ ಮೇಲೆ ಹೋಗಿ ಸುಮ್ನೆ ನಿಲ್ಲುತ್ತೇನೆ. ಮೊದಲು ಎಲೆ ಸರಸರ ಅನ್ನುತ್ತದೆ, ಆಮೇಲೆ ಮೂತಿ ಕಾಣುತ್ತದೆ. ಹಿಡಿಯೋಕೆ ಹೋಗಬಾರದು, ಬಾಲ ಬಿಟ್ಟು ಓಡುತ್ತದೆ. ಬಿಸಿಲು ಓರೆಯಾಗಿ ಬೀಳೋ ಕಡೆಯಿಂದ ಫೋಟೊ ತೆಗೆದರೆ ಹುರುಪೆಯ ಮೇಲಿನ ಏಣುಗಳಿಗೆ, ಅಂದರೆ ಉಬ್ಬುಗೆರೆಗಳಿಗೆ, ಸಣ್ಣ ನೆರಳು ಬೀಳುತ್ತದೆ. ಮನೆಗೆ ಬಂದು ಝೂಮ್ ಮಾಡಿ, ನಡುಬೆನ್ನಿನ ಒಂದೇ ಒಂದು ಹುರುಪೆಯನ್ನು ನೋಡುತ್ತೇನೆ, ಉದ್ದಕ್ಕೆ ರಾಗಿ ಹೊಲದ ಸಾಲಿನ ಹಾಗೆ ಏಣು ಎದ್ದಿರುತ್ತವೆ. ಸ್ಪಷ್ಟವಾಗಿ 3 ಇದ್ದರೆ ಕ್ಯಾರಿನೇಟಾ. 6–7 ಇದ್ದರೆ ಮ್ಯಾಕುಲೇರಿಯಾ ಕಡೆ ವಾಲುತ್ತೇನೆ. 5 ಬಂದರೆ ತಲೆನೋವು, ಎರಡರಲ್ಲೂ ಇರಬಹುದು. ಆಗ ಅಳತೆಯೇ ಗತಿ.

ಅಳೆಯೋದು ಪ್ರಾಣಿಯನ್ನಲ್ಲ, ಅದು ಕೂತಿದ್ದ ಕಲ್ಲನ್ನು. ಅದು ಹೋದ ಮೇಲೆ ಸ್ಕೇಲ್ ಇಟ್ಟು ಕಲ್ಲು ಅಳೆದು, ಫೋಟೊ ಜೊತೆ ಹೋಲಿಸುತ್ತೇನೆ. ಮೂತಿಯಿಂದ ಬಾಲದ ಬುಡದವರೆಗೆ 10 ಸೆಂಟಿಮೀಟರ್ ದಾಟಿದರೆ ಅದು ಮ್ಯಾಕುಲೇರಿಯಾ ಆಗೋದಿಲ್ಲ. ಬಾಲ ಲೆಕ್ಕಕ್ಕೆ ಬೇಡ. ಮತ್ತೆ ಬೆಳೆದ ಬಾಲದಲ್ಲಿ ಬೆನ್ನುಮೂಳೆ ಇರೋದಿಲ್ಲ, ಬರೀ ಮೃದ್ವಸ್ಥಿಯ ಕೋಲು, ಉದ್ದವೂ ಮೊದಲಿನಷ್ಟು ಬರೋದು ಕಡಿಮೆ.

ನಮ್ಮ ಸೊಸೈಟಿಯಲ್ಲಿ ವಿಜಯಪುರದ ಒಂದು ಮನೆ ಇದೆ. ಆ ಮನೆ ಹುಡುಗಿ ಆಗಾಗ ಓಡಿ ಬರುತ್ತಾಳೆ, "ಕಾಕಾ, ಲಗೂ ಬರ್ರಿ, ಕೆಂಪು ಬಾಲದ ಹಾವಿನ ಮರಿ ಬಂದದ!" ಹೋಗಿ ನೋಡಿದರೆ ರಿಯೋಪಾ ಪಂಕ್ಟೇಟಾ ಅನ್ನೋ ಇನ್ನೊಂದು ಹಾವುರಾಣಿಯ ಮರಿ. ಅದರ ಬಾಲ ಚಿಕ್ಕಂದಿನಲ್ಲಿ ಕೆಂಪು, ಕಾಲು ಎಷ್ಟು ಗಿಡ್ಡ ಅಂದ್ರೆ ಓಡುವಾಗ ಕಾಣೋದೇ ಇಲ್ಲ. ರೆಪ್ಪೆ ಮಿಟುಕಿಸುತ್ತದಾ, ತಲೆಯ ಪಕ್ಕ ಕಿವಿಯ ತೂತು ಇದೆಯಾ ನೋಡು ಅಂತ ಅವಳಿಗೆ ಹೇಳಿಕೊಟ್ಟಿದ್ದೇನೆ, ಹಾವಿಗೆ ಇವೆರಡೂ ಇರೋದಿಲ್ಲ. ಅವಳ ಅಜ್ಜಿಗೆ ಮಾತ್ರ ಅದು ವಿಷದ ಹುಳವೇ. ನಮ್ಮ ದೇಶದ ಯಾವ ಹಾವುರಾಣಿಗೂ ವಿಷವಿಲ್ಲ ಅಂದರೂ ಪೊರಕೆ ಕೆಳಗಿಡೋದಿಲ್ಲ. ಅದಕ್ಕೇ ಆ ಮೂಲೆಯ ಎಲೆ ಗುಡಿಸಬೇಡಿ ಅಂತ ವಾಚ್‌ಮನ್‌ಗೂ ಹೇಳಿಟ್ಟಿದ್ದೇನೆ.